ಹದಿನಾಲ್ಕು ಹುಚ್ಚರ ಶಾಟು

ನಮ್ಮ ಸಿನಿಮಾದವರ ಲೆಕ್ಕದಲ್ಲಿ ತಲೆ ಕೆಡುವುದೆಂದರೆ ಮೊದಲು ಬಾಚಣಿಗೆ ಕಳೆದುಹೋಗುವುದು. ಪ್ರೀತಿಸಿದ ಹುಡುಗಿ ಇನ್ನೊಬ್ಬನ ಪಾಲಾದಳೆಂದು ಹೀರೋ ಹುಚ್ಚಾಸ್ಪತ್ರೆ ಸೇರುವ ಚಿತ್ರ ಅದು. ರಾಮನಗರದ ಹತ್ತಿರ ಮುಚ್ಚಿಹೋಗಿದ್ದ ರೇಷ್ಮೆ ಗಿರಣಿಯಲ್ಲಿ ಸೆಟ್ ಹಾಕಿದ್ದರು. ಹೀರೋನ ಸುತ್ತ ಹುಚ್ಚರಾಗಿ ಕೂರಲು ಹದಿನಾಲ್ಕು ಜನ ಜೂನಿಯರ್ ಕಲಾವಿದರು ಬಂದಿದ್ದರು. ಮೇಕಪ್ಪಿನವನು ಬೆಳಿಗ್ಗೆಯೇ ಎಲ್ಲರ ತಲೆ ಕೆದರಿ ಕೂರಿಸಿದ್ದ.

ಅವರಲ್ಲಿ ಚೂಡಾಮಣಿಯೂ ಒಬ್ಬಳು. ವಯಸ್ಸು ಮೂವತ್ತೊಂಬತ್ತು. ಹತ್ತು ವರ್ಷದಿಂದ ತೆರೆಯ ಮೇಲೆ ಮದುವೆಮನೆಯ ನೆಂಟರಲ್ಲೊಬ್ಬಳು, ಬಸ್ಸಿನ ಪ್ರಯಾಣಿಕರಲ್ಲೊಬ್ಬಳು. ಮೂರು ವರ್ಷದ ಹಿಂದೆ ಮನಸ್ಸು ನಿಜವಾಗಿಯೇ ಕೈಕೊಟ್ಟು, ನಲವತ್ತು ದಿನ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದಿದ್ದಳು. ಅಣ್ಣ ಅತ್ತಿಗೆಯನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ. ಯೂನಿಟ್ಟಿನ ಟೈಲರ್ ಯತಿರಾಜನಿಗೂ ಗೊತ್ತಿರಲಿಲ್ಲ, ಅದೇ ಈಗ ಫಜೀತಿಯಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಏಳು ವರ್ಷ ಒಬ್ಬನೇ ಇದ್ದ ಆ ಮನುಷ್ಯ ಹೋದ ವಾರ, ಅವಳ ರವಿಕೆಯ ತೋಳಿಗೆ ಪಿನ್ನು ಹಾಕುತ್ತಾ, "ನನ್ನ ಮದುವೆ ಆಗ್ತೀರಾ?" ಎಂದು ಕೇಳಿಬಿಟ್ಟಿದ್ದ. ಇವತ್ತು ಶೂಟಿಂಗ್ ಪ್ಯಾಕಪ್ ಆಗುವುದರೊಳಗೆ ಉತ್ತರ ಹೇಳುತ್ತೇನೆಂದು ಅವಳು ಮಾತು ಕೊಟ್ಟಿದ್ದಳು.

"ಕುತ್ತಿಗೆಗೆ ತಾಳಿ ಬೀಳೋವರ್ಗೂ ಬಾಯಿ ಬಿಡ್ಬೇಡ ಕಣೇ," ಎಂದು ಅತ್ತಿಗೆ ಫೋನಿನಲ್ಲಿ ಬುದ್ಧಿ ಹೇಳಿದ್ದಳು. ಬಚ್ಚಿಟ್ಟು ಮದುವೆಯಾಗಲು ಚೂಡಾಮಣಿಗೆ ಮನಸ್ಸಿಲ್ಲ. ಹೇಳಿ ಅವನನ್ನು ಕಳೆದುಕೊಳ್ಳುವುದಂತೂ ಬೇಡವೇ ಬೇಡ.

ಕ್ಯಾಮೆರಾ ಓಡಿತು. ಒಬ್ಬ ಕಂಬಕ್ಕೆ ಮುತ್ತಿಟ್ಟ, ಒಬ್ಬಳು ಚಪ್ಪಲಿಯನ್ನು ಕಿವಿಗಿಟ್ಟುಕೊಂಡು ಹಲೋ ಎಂದಳು. ಚೂಡಾಮಣಿ ಪಕ್ಕದವಳ ಜಡೆ ಹೆಣೆಯುತ್ತಾ ಕೂತಳು.

"ಕಟ್! ಏನಮ್ಮಾ ಅದು?" ನಿರ್ದೇಶಕ ಕೂಗಿದ. "ಹುಚ್ಚಿ ಥರ ಮಾಡೀಮ್ಮಾ!"

"ಅಲ್ಲಿ ಹಿಂಗೇ ಇರ್ತಾರೆ ಸಾರ್. ತಲೆ ಬಾಚ್ಕೋತಾರೆ, ಕೇರಂ ಆಡ್ತಾರೆ, ಟೀಗೆ ಸಕ್ಕರೆ ಸಾಲ್ದು ಅಂತ ಜಗಳ ಆಡ್ತಾರೆ."

"ನಿಮಗೆ ಹೆಂಗೆ ಗೊತ್ತು?"

ಅವಳು ನಾಲಿಗೆ ಕಚ್ಚಿಕೊಂಡಳು. "ಯಾರೋ ಹೇಳ್ತಿದ್ರು ಸಾರ್."

ಸಹಾಯಕ ನಿರ್ದೇಶಕ ಓಡಿಬಂದು, ಕಣ್ಣು ಗಿರಗಿರ ತಿರುಗಿಸಿ, ನಾಲಿಗೆ ಚಾಚಿ, ಹೀಗೆ ಎಂದು ತೋರಿಸಿಕೊಟ್ಟ. ವಾರ್ಡಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಉಳಿದ ರೋಗಿಗಳೇ ಹೆದರಿ ನರ್ಸನ್ನು ಕರೆಯುತ್ತಿದ್ದರು. ಅವಳಿಗೆ ನಗು ತಡೆಯಲಾಗದೆ ಎರಡು ಟೇಕು ಹಾಳಾದವು. ಮೂರನೆಯದಕ್ಕೆ ಆ ನಗುವೇ ಅದ್ಭುತ ಹುಚ್ಚು ಎಂದು ನಿರ್ದೇಶಕ ಓಕೆ ಮಾಡಿದ.

ಊಟಕ್ಕೆ ಎದ್ದವರನ್ನು ಮ್ಯಾನೇಜರ್ ತಿಮ್ಮಪ್ಪಯ್ಯ ಅಡ್ಡಗಟ್ಟಿದ. ಹೆಣದ ಪಾತ್ರ ಮಾಡಿದವರು ಶಾಟು ಮುಗಿದ ಮೇಲೆ ಎದ್ದು ಕ್ಯಾಮೆರಾ ನೋಡಿ ನಗಬೇಕು, ಇಲ್ಲದಿದ್ದರೆ ಅಪಶಕುನ ಎಂದು ಯೂನಿಟ್ಟಿನವರು ನಂಬುತ್ತಾರೆ. ತಿಮ್ಮಪ್ಪಯ್ಯ ಆ ಪದ್ಧತಿಯನ್ನು ಇವತ್ತು ಹುಚ್ಚರಿಗೂ ಹಿಗ್ಗಿಸಿದ.

"ಒಬ್ಬೊಬ್ರೇ ಬನ್ನಿ. ಹೆಸರು ಹೇಳಿ, 'ನನಗೇನೂ ಆಗಿಲ್ಲ' ಅಂತ ಹೇಳಿ, ನಕ್ಕು ಹೋಗಿ. ಇಲ್ಲಾಂದ್ರೆ ಊಟ ಇಲ್ಲ!"

ಹದಿಮೂರು ಜನ ಹೇಳಿದರು, ನಕ್ಕರು, ಹೋಗಿ ಎಲೆ ಮುಂದೆ ಕೂತರು. ಚೂಡಾಮಣಿ ಕೊನೆಯವಳು. ಕ್ಯಾಮೆರಾದ ಹಿಂದೆ ಯತಿರಾಜ ಹರಿದ ಅಂಗಿಗಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ.

"ನನ್ನ ಹೆಸರು ಚೂಡಾಮಣಿ. ನನಗೇನೂ..."

ಮಾತು ಅಲ್ಲಿಗೇ ನಿಂತಿತು. ಹೆದರಿಕೆಯಾಯಿತು. ಹೆದರಿಕೆಯ ಬೆನ್ನಿಗೇ ಸಿಟ್ಟೂ ಬಂತು. ಕಳ್ಳತನ ಮಾಡಿ ಜೈಲಿಗೆ ಹೋಗಿದ್ದೆನೇ ನಾನು? ಕಾಯಿಲೆಯಾಗಿತ್ತು, ವಾಸಿಯಾಯಿತು, ಅಷ್ಟೇ ತಾನೆ.

"ನನಗೆ ಆಗಿತ್ತು," ಎಂದಳು. "ಮೂರು ವರ್ಷದ ಹಿಂದೆ ನಿಜವಾಗ್ಲೂ ತಲೆ ಕೆಟ್ಟಿತ್ತು. ನಲವತ್ತು ದಿನ ಆಸ್ಪತ್ರೇಲಿದ್ದೆ. ಈಗ್ಲೂ ದಿನಾ ಮಾತ್ರೆ ತಗೋತೀನಿ. ಚೆನ್ನಾಗಿದೀನಿ."

ಸಾರಿನ ಬಕೆಟ್ಟು ಹಿಡಿದವನೂ ಅಲ್ಲೇ ನಿಂತ. "ಅಯ್ಯಯ್ಯೋ, ಇದು ನಗೋ ಶಾಟ್ ಕಣಮ್ಮಾ!" ಎಂದ ತಿಮ್ಮಪ್ಪಯ್ಯ.

ಅವಳು ನೋಡುತ್ತಿದ್ದುದು ಯತಿರಾಜನನ್ನು ಮಾತ್ರ. ಅವನು ಅಂಗಿಗಳನ್ನು ಕುರ್ಚಿಯ ಮೇಲೆ ಹಾಕಿ ಹತ್ತಿರ ಬಂದ.

"ಆ ಮಾತ್ರೆ ಊಟಕ್ಕೆ ಮುಂಚೆನೋ, ಆಮೇಲೋ?"

"ಆಮೇಲೆ."

"ನಂದು ಮುಂಚೆ. ಸಕ್ಕರೆ ಕಾಯಿಲೆ." ಅವನು ಕತ್ತು ತುರಿಸಿಕೊಂಡ. "ಹೇಳಿದ್ರೆ ನೀವು ಒಪ್ಪಲ್ವೇನೋ ಅಂತ ನಾನೂ ಮುಚ್ಚಿಟ್ಟಿದ್ದೆ. ಇನ್ನು ಮನೇಲಿ ಎರಡೂ ಮಾತ್ರೆ ಅದಲುಬದಲಾಗ್ಬಾರ್ದಲ್ಲ, ನಾಳೆ ಬರ್ತಾ ಎರಡು ಡಬ್ಬಿ ತಗೊಂಡ್ ಬರ್ಲಾ?"

ಚೂಡಾಮಣಿಗೆ ನಗು ಬಂತು. ನಗುನಗುತ್ತಲೇ ಕಣ್ಣಲ್ಲಿ ನೀರೂ ಬಂತು. "ನಕ್ಳು, ನಕ್ಳು! ತಗೊಳ್ಳೋ ಶಾಟು!" ಎಂದು ತಿಮ್ಮಪ್ಪಯ್ಯ ಕುಣಿದ.

"ಎರಡ್ಯಾಕೆ ದುಂದು?" ಎಂದಳು ಅವಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಎರಡು ಖಾನೆ ಇರೋದು ಒಂದೇ ತನ್ನಿ ರೀ."