ಇಪ್ಪತ್ತಾರು ತಪ್ಪು ತೋಳುಗಳು

ಆ ವಾರವೆಲ್ಲ ಕತ್ತರಿ ನಿಂತಲ್ಲಿ ನಿಲ್ಲಲಿಲ್ಲ. ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು ಅವಳು. ಕೆಲಸವೇ ಹೆಸರಾಗಿಬಿಟ್ಟಿದೆ. ಉದ್ದ ಮೇಜಿನ ಆ ತುದಿಗೆ ಹೋಗುವಳು, ಈ ತುದಿಗೆ ಬರುವಳು, ಕಿಟಕಿಯಿಂದ ಬೀದಿ ನೋಡುವಳು, ಕೈಯಲ್ಲಿ ಬಟ್ಟೆ ಇಲ್ಲದಿದ್ದರೂ ಕತ್ತರಿಯನ್ನು ಕಚಕ್ ಕಚಕ್ ಎನ್ನಿಸುವಳು.

"ಏನೇ, ಗಾಳಿಗೂ ಅಂಗಿ ಹೊಲಿಸ್ತೀಯಾ?" ಎಂದಳು ಗುಂಡಿಯಕ್ಕ. ಗುಂಡಿ ಹಚ್ಚುವುದು ಅವಳ ಕೆಲಸ, ಕಾಲೆಳೆಯುವುದು ಅವಳ ಹವ್ಯಾಸ.

ಕತ್ತರಿ ಮತ್ತೆ ಕಿಟಕಿಯತ್ತ ನಡೆದಳು. ಶನಿವಾರ ಅವಳಿಗೆ ಫ್ರೆಂಚ್ ಮಾತಿನ ಪರೀಕ್ಷೆ. ಅವಳ ಗಂಡ ಫ್ರಾನ್ಸಿನ ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಹೆಂಡತಿ ಹೋಗಿ ಸೇರಿಕೊಳ್ಳಬೇಕಾದರೆ ನಾಲ್ಕು ಮಾತು ಆ ಭಾಷೆಯಲ್ಲಿ ಆಡಿ ತೋರಿಸಬೇಕು. ಹಿಂದೊಮ್ಮೆ ಪರೀಕ್ಷೆಗೆ ಹೋಗಿದ್ದಳು. ಕಾಗದದ ಮೇಲೆ ಎಲ್ಲ ಸರಿಯಾಗಿ ಬರೆದಳು, ಪರೀಕ್ಷಕಿ ಎದುರು ಕೂತಾಗ ಬಾಯಿಗೆ ಬೀಗ ಬಿತ್ತು. ಈ ಸಲವೂ ಹಾಗಾದರೆ ಅರ್ಜಿಯ ಅವಧಿ ಮುಗಿಯುತ್ತದೆ. ಮತ್ತೆ ಮೊದಲಿಂದ ಶುರು ಮಾಡಬೇಕು, ಅಂದರೆ ಇನ್ನೆರಡು ವರ್ಷ. "ಐದು ವರ್ಷ ಆದ್ಮೇಲೆ ಅವರು ನನ್ನ ಗುರುತು ಹಿಡೀತಾರಾ ದೊಡ್ಡಮ್ಮಾ?" ಎಂದು ಒಮ್ಮೆ ಕೇಳಿದ್ದಳು. ನಾನು ಇಲ್ಲಿ ಹಳೆಯ ಹೊಲಿಗೆಯವಳು, ಎಲ್ಲರಿಗೂ ದೊಡ್ಡಮ್ಮ.

ಬುಧವಾರ ನನ್ನ ಯಂತ್ರದ ಪಕ್ಕ ಬಂದು ಪಾಠ ಒಪ್ಪಿಸಿದಳು. "ನೋಡಿ, ಸಾದಾ ಕ್ರಿಯಾಪದ ಎಲ್ಲಾ ಒಂದೇ ಅಳತೆ. ತುದಿ ಕತ್ತರಿಸಿ ಬಿಸಾಕೋದು, ಯಾರು ಮಾಡ್ತಾರೋ ಅವರ ತುದಿ ಜೋಡಿಸೋದು. ನಾನು ಅಂದ್ರೆ ಒಂದು, ನೀನು ಅಂದ್ರೆ ಒಂದು. ಒಟ್ಟು ಆರು ತುದಿ."

"ನಮ್ಮಲ್ಲೂ ಹಾಗೇ ಅಲ್ವಾ? ಮಾಡ್ತೀನಿ, ಮಾಡ್ತೀಯ, ಮಾಡ್ತಾನೆ. ಅದನ್ನ ನಿನಗೆ ಯಾರು ಕಲಿಸಿದ್ರು?"

"ಯಾರೂ ಇಲ್ಲ. ತಾನಾಗೇ ಬಂತು."

"ಬಾಯಿಬಿಟ್ಟಿದ್ದಕ್ಕೆ ಬಂತು. ನೀನು ಈಗ ಬರೀ ಬರೀತೀಯ."

"ಬರೆದ್ರೆ ತಲೇಲಿ ನಿಲ್ಲುತ್ತೆ ದೊಡ್ಡಮ್ಮ," ಎಂದು ಮೇಜಿಗೆ ಮರಳಿದಳು. ನಿಜಕ್ಕೂ ಬರೆಯುತ್ತಿದ್ದಳು. ಸೀಮೆಸುಣ್ಣ ಹೇಗೂ ಕೈಯಲ್ಲೇ ಇರುತ್ತಿತ್ತು. ಆಸ್ಪತ್ರೆಯೊಂದಕ್ಕೆ ಇಪ್ಪತ್ತಾರು ಬೂದು ಕೋಟು ಹೋಗಬೇಕಿತ್ತು. ಕತ್ತರಿಸಿದ ಪ್ರತಿ ತೋಳಿನ ಮೇಲೆ ಅಳತೆಯ ಅಂಕಿ ಹಾಕಬೇಕು, ಅವಳು ಅಂಕಿಯ ಜೊತೆ ಒಂದು ಫ್ರೆಂಚ್ ಪದವನ್ನೂ ಗೀಚುತ್ತಾ ಹೋದಳು. ನಾನು ಕಂಡೆ. ಏನೋ ಹೊಸ ಗುರುತು ಎಂದುಕೊಂಡು ಸುಮ್ಮನಾದೆ.

ನಮ್ಮಲ್ಲೊಂದು ಕಟ್ಟಳೆ ಇದೆ. ಸೀಮೆಸುಣ್ಣದ ಗುರುತು ಯಾವಾಗಲೂ ಬಟ್ಟೆಯ ಒಳಮಗ್ಗಲಿಗೆ. ಈ ಬೂದು ಬಟ್ಟೆಯ ಹಾಗೆ ಎರಡು ಮಗ್ಗಲೂ ಒಂದೇ ಥರ ಕಾಣುವಂಥದ್ದಾದರೆ ಹೊಲಿಯುವವರಿಗೆ ಆ ಗುರುತೇ ದಿಕ್ಕು. ತೋಳನ್ನು ಮಗುಚಿ ಹೊಲಿದರೆ ಬಲದ್ದು ಎಡದ್ದಾಗುತ್ತದೆ. ಕತ್ತರಿಯ ಕಣ್ಣು ಪದಗಳ ಮೇಲಿತ್ತು. ಬಟ್ಟೆ ಮಡಿಸಿ ಜೋಡಿಯಾಗಿ ಕತ್ತರಿಸಿದ ತೋಳುಗಳಲ್ಲಿ ಯಾವ ಮಗ್ಗಲು ಮೇಲಿತ್ತೋ ಅದರ ಮೇಲೇ ಬರೆದಿದ್ದಳು, ಬಲದ ತೋಳಿಗೆ ಅದು ಹೊರಮಗ್ಗಲಾಗಿತ್ತು. ನಾನು ಗುರುತನ್ನು ನಂಬಿ ಗುರುವಾರವಿಡೀ ಹೊಲಿದೆ. ಕೆಲವು ಕಂಕುಳಲ್ಲಿ ಎಳೆದಂತೆ ಕಂಡರೂ ಎಳೆದು ಕೂರಿಸಿದೆ. ಇಷ್ಟು ವರ್ಷ ಯಂತ್ರ ತುಳಿದವಳು ಕಣ್ಣನ್ನು ಬಿಟ್ಟು ಸುಣ್ಣವನ್ನು ನಂಬಿದೆ, ನನ್ನ ಪಾಲಿನ ತಪ್ಪೂ ಸಣ್ಣದಲ್ಲ.

ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಅಜ್ಜ ಒಂದು ಕೋಟು ಎತ್ತಿ ಹಿಡಿದ. ಇಸ್ತ್ರಿ ಅವನ ಕೆಲಸ, ಕಿವಿ ಮಂದ, ಕಣ್ಣು ಚುರುಕು.

"ಈ ಆಸ್ಪತ್ರೇಲಿ ಎಲ್ಲರಿಗೂ ಎರಡೂ ಕೈ ಎಡಗೈಯೇನಮ್ಮಾ?"

ಒಂದೊಂದಾಗಿ ನೋಡಿದೆವು. ಇಪ್ಪತ್ತಾರು ಕೋಟಿಗೂ ಬಲದ ತೋಳೇ ಇರಲಿಲ್ಲ. ಕತ್ತರಿ ಒಂದು ತೋಳಿನೊಳಗೆ ಕೈ ಹಾಕಿ ಮಗುಚಿದಳು, ತನ್ನ ಅಕ್ಷರ ಕಂಡಳು, ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು.

ಯಜಮಾನರು ಕೂಗಾಡಲಿಲ್ಲ. ಅವರು ಮೆತ್ತಗೆ ಮಾತಾಡಿದರೇ ನಮಗೆ ಹೆಚ್ಚು ಭಯ. "ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಗಾಡಿ ಬರುತ್ತೆ. ನಾಳೆ ಯಾರೂ ಎಲ್ಲಿಗೂ ಹೋಗೋ ಹಾಗಿಲ್ಲ."

"ನಾನು ಹೋಗಲ್ಲ ಬಿಡಿ," ಎಂದಳು ಕತ್ತರಿ. "ತಪ್ಪು ನಂದು. ನನ್ನ ಹಣೇಲಿ ಬರೆದಿಲ್ಲ ಅಂದ್ಕೊಳ್ತೀನಿ."

ಹಾಗೆ ಹೇಳುವಾಗ ಅವಳಿಗೆ ಒಳಗೊಳಗೆ ಹಾಯೆನಿಸಿತು. ನಾನು ಕಂಡೆ. ಹೆದರಿದವರಿಗೆ ಒಳ್ಳೆಯ ನೆಪಕ್ಕಿಂತ ದೊಡ್ಡ ಶತ್ರು ಇಲ್ಲ.

"ಯಜಮಾನರೇ," ಎಂದೆ, "ಬಟ್ಟೆ ಹಾಳಾಗಿಲ್ಲ. ತೋಳು ಬಿಚ್ಚಿ, ಮಗುಚಿ, ಮತ್ತೆ ಹೊಲಿದ್ರೆ ಆಯ್ತು. ಐದು ಜನ ಇದೀವಿ. ಇವತ್ತು ಸಂಜೆಯೊಳಗೆ ಎಲ್ಲ ಬಿಚ್ಚಿ ಕೊಟ್ರೆ ಇವಳನ್ನ ಬಿಡ್ತೀರಾ?"

"ಐದು? ನಾಲ್ಕು ತಾನೇ?"

"ನಿಮ್ಮನ್ನೂ ಸೇರಿಸಿದ್ದೆ."

ಗುಂಡಿಯಕ್ಕ ಕೆಮ್ಮಿನಲ್ಲಿ ನಗೆ ಮುಚ್ಚಿದಳು. ಯಜಮಾನರು ಕನ್ನಡಕ ಒರೆಸಿಕೊಂಡು ಬಂದು ಕೂತರು.

ಹೊಲಿಗೆ ಬಿಚ್ಚುವುದು ಹೊಲಿಯುವುದಕ್ಕಿಂತ ಬೇಸರದ ಕೆಲಸ. ಕತ್ತರಿ ತಲೆಬಗ್ಗಿಸಿ ಬಿಚ್ಚುತ್ತಿದ್ದಳು. ಕಾಲು ಮಾತ್ರ ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು. ನಾನು ಒಂದು ತೋಳನ್ನು ಅವಳ ಮುಂದೆ ಹಿಡಿದು, "ಇದೇನು ಬರೆದಿದ್ದೀಯ, ಓದು," ಎಂದೆ.

"ಕೂಪೇ. ಕತ್ತರಿಸೋದು ಅಂತ."

"ಹೇಳು ಮತ್ತೆ. ನಿನ್ನ ಆರು ತುದಿ."

"ಈಗ ಬೇಡ ದೊಡ್ಡಮ್ಮ."

"ಕೈ ಕೆಲಸ ಮಾಡ್ತಿದೆ, ಬಾಯಿ ಖಾಲಿ ಇದೆ. ಹೇಳು."

ನಾನೇ ಒಬ್ಬೊಬ್ಬರಿಗೆ ಒಂದೊಂದು ತುದಿ ಪಾಲು ಹಂಚಿದೆ. 'ನಾನು' ಕತ್ತರಿಗೆ: ಜು ಕೂಪ್. 'ನೀನು' ಗುಂಡಿಯಕ್ಕನಿಗೆ: ತ್ಯು ಕೂಪ್. 'ಅವನು' ಅಜ್ಜನಿಗೆ: ಇಲ್ ಕೂಪ್. 'ನಾವು' ನನಗೆ: ನೂ ಕೂಪೊಂ. 'ನೀವು' ಯಾರಿಗೆ ಎಂದು ಕೇಳುವ ಹಾಗೇ ಇರಲಿಲ್ಲ. ಯಜಮಾನರು ಗಂಟಲು ಸರಿಮಾಡಿಕೊಂಡು, "ವೂ ಕೂಪೇ," ಎಂದರು. 'ಅವರು' ಆಸ್ಪತ್ರೆಯವರ ಪಾಲಿಗೆ ಹೋಯಿತು.

"ಆ ಕೊನೇದಕ್ಕೆ ತುದೀಲಿ ಮೂರು ಅಕ್ಷರ ಬರೀಬೇಕು, ಒಂದೂ ಹೇಳಬಾರದು," ಎಂದಳು ಕತ್ತರಿ.

"ಅಬ್ಬಾ, ನಮ್ಮ ಅತ್ತೆ ಅದೊಂದನ್ನ ಕಲಿತಿದ್ರೆ!" ಎಂದಳು ಗುಂಡಿಯಕ್ಕ.

ಮೊದಲ ಸುತ್ತು ಅಜ್ಜನ ಬಳಿ ನಿಂತುಬಿಟ್ಟಿತು. ಅವನು ನಮ್ಮನ್ನೇ ನೋಡುತ್ತಾ ಕೂತಿದ್ದ. "ಶುರುವಾಯ್ತಾ? ಇವಳು ಇರುವೆ ಹತ್ರ ಗುಟ್ಟು ಹೇಳೋ ಹಾಗೆ ಹೇಳಿದ್ರೆ ನನ್ನ ಸರದಿ ಬಂತು ಅಂತ ಹೇಗೆ ಗೊತ್ತಾಗಬೇಕು? ಜೋರಾಗಿ ಹೇಳಮ್ಮಾ!"

"ಜು ಕೂಪ್," ಎಂದಳು ಕತ್ತರಿ.

"ಏನು?"

"ಜು ಕೂಪ್!"

"ಇನ್ನೂ!"

"ಜು ಕೂಪ್!!" ಕಿಟಕಿಯ ಹೊರಗೆ ಯಾರೋ ತಿರುಗಿ ನೋಡಿದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕೈ ತೆಗೆದಳು, ತೋಳು ಬಿಚ್ಚಲು ಕೈ ಬೇಕಿತ್ತಲ್ಲ.

'ಕತ್ತರಿಸೋದು' ಎಂಬ ಪದ ಮುಗಿದ ಮೇಲೆ 'ಮಾತಾಡೋದು', ಅದಾದ ಮೇಲೆ 'ಹುಡುಕೋದು', 'ಕೊಡೋದು'. ಯಜಮಾನರು ಪದೇಪದೇ ತಮ್ಮ ತುದಿ ಮರೆಯುತ್ತಿದ್ದರು. ಕತ್ತರಿ ಮೊದಲು ಹಿಂಜರಿದು ತಿದ್ದಿದಳು, ಮೂರು ಗಂಟೆಯ ಹೊತ್ತಿಗೆ ಗದರಿಸಿಯೇ ತಿದ್ದುತ್ತಿದ್ದಳು. ಐದಕ್ಕೆ ಕೊನೆಯ ತೋಳೂ ಬಿಚ್ಚಿದ್ದಾಯಿತು.

ಶನಿವಾರ ನಾನು ಬೆಳಕು ಹರಿಯುತ್ತಲೇ ಬಂದು ಯಂತ್ರದ ಮುಂದೆ ಕೂತೆ. ಒಂಬತ್ತಕ್ಕೆ ಹದಿನೈದು ತೋಳು ಮುಗಿದಿತ್ತು. ಯಜಮಾನರು ಬಂದು ನಿಂತರು. "ನೀವೂ ಜೊತೆಗೆ ಹೋಗಿ. ಒಬ್ಬಳೇ ಹೋದ್ರೆ ಇವಳು ಅರ್ಧ ದಾರಿಯಿಂದ ವಾಪಸ್ ಬರ್ತಾಳೆ."

"ಉಳಿದ ಹನ್ನೊಂದು?"

"ಬೇಗ ಬನ್ನಿ."

ಪರೀಕ್ಷೆ ಎರಡು ಬೀದಿ ಆಚೆ. ಸೆಕೆಗೆಂದು ಕೋಣೆಯ ಬಾಗಿಲು ತೆರೆದಿಟ್ಟಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಪರೀಕ್ಷಕಿ ಏನೋ ಕೇಳಿದಳು. ಒಳಗೆ ಸದ್ದಿಲ್ಲ. ಮತ್ತೆ ಕೇಳಿದಳು. ಸದ್ದಿಲ್ಲ. ನನ್ನ ಕಾಲು ತನ್ನಷ್ಟಕ್ಕೆ ನೆಲವನ್ನು ಯಂತ್ರದಂತೆ ತುಳಿಯತೊಡಗಿತು.

"ಜು ಕೂಪ್!!"

ಅಜ್ಜ ಕಾರ್ಖಾನೆಯಲ್ಲೇ ಕೂತು ಕೇಳಿಸಿಕೊಳ್ಳಬಹುದಿತ್ತು. ಆಮೇಲೆ ಇನ್ನೊಂದು ಪ್ರಶ್ನೆ. ನಾನು ಬೆಂಚಿನ ಅಂಚು ಹಿಡಿದುಕೊಂಡೆ. "ನೂ ಕೂಪೊಂ," ಎಂದಳು. ಅದು ನನ್ನ ಪಾಲು. ಅರ್ಧ ಎದ್ದು ನಿಂತುಬಿಟ್ಟಿದ್ದೆ, ಕಾವಲಿನವನು ಕೈಸನ್ನೆ ಮಾಡಿ ಕೂರಿಸಿದ. ಮುಂದಿನ ಹತ್ತು ನಿಮಿಷ ಅವಳ ದನಿ ನಿಲ್ಲಲಿಲ್ಲ. ನನಗೆ ಗೊತ್ತಿದ್ದ ತುದಿಗಳು ಮಾತ್ರ ಆಗಾಗ ಕಿವಿಗೆ ಬೀಳುತ್ತಿದ್ದವು.

ಹೊರಬಂದವಳ ರವಿಕೆ ಬೆವರಿನಲ್ಲಿ ತೊಯ್ದಿತ್ತು.

"ಏನು ಕೇಳಿದ್ರೇ?"

"ಏನು ಕೆಲಸ ಅಂದ್ರು. ಒಬ್ಬಳೇ ಮಾಡ್ತೀಯಾ ಅಂದ್ರು. ನಾವೆಲ್ಲ ಕತ್ತರಿಸ್ತೀವಿ ಅಂದೆ. ನೀವು ಹೊಲೀತೀರಿ ಅನ್ನೋಕೆ ಪದ ಗೊತ್ತಿರಲಿಲ್ಲ."

"ಸರಿ, ಮುದುಕಿಯ ಕೈಗೂ ಕತ್ತರಿ ಕೊಟ್ಟೆ. ಆಯ್ತಾ ಪಾಸು?"

"ಸೋಮವಾರ ಹೇಳ್ತಾರಂತೆ. ಸ್ವಲ್ಪ ಮೆತ್ತಗೆ ಮಾತಾಡಿ ಅಂದ್ರು ಅಷ್ಟೇ."

ಸೋಮವಾರ ಪಾಸಾಯಿತೆಂದು ಗೊತ್ತಾಯಿತು. ಶನಿವಾರ ಗೊತ್ತಿದ್ದದ್ದು ಗೋಡೆ ಗಡಿಯಾರದಲ್ಲಿ ಹತ್ತೂಕಾಲು ಮತ್ತು ಹನ್ನೆರಡರ ಗಾಡಿಗೆ ಇನ್ನೂ ಬಾಕಿಯಿದ್ದ ಹನ್ನೊಂದು ತೋಳು ಮಾತ್ರ. ಓಡುನಡಿಗೆಯಲ್ಲಿ ಹೊರಟೆವು. ಅವಳು ನಡೆಯುತ್ತಲೇ ಚೀಲದಿಂದ ಪುಸ್ತಕ ತೆಗೆದು ಹಾಳೆ ಮಗುಚತೊಡಗಿದಳು.

"ಪರೀಕ್ಷೆ ಮುಗೀತಲ್ಲೇ, ಇನ್ನೇನು ಹುಡುಕ್ತೀಯ?"

"ಹೊಲಿಯೋದಕ್ಕೆ ಏನಂತಾರೆ ಅಂತ," ಎಂದಳು ತಲೆ ಎತ್ತದೆ. ಎದುರಿಗೆ ಸೈಕಲ್ಲು ಬರುತ್ತಿತ್ತು. ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡೆ.