ರಾಜಾರಾಮ ಮಾಸ್ತರರ ದಾವೆ

೧೯೯೧ರ ಮಾರ್ಚಿನ ಒಂದು ಮಧ್ಯಾಹ್ನ ರಾಜಾರಾಮ ಪವಾರ ಅಥಣಿಯ ಪೊಲೀಸ್ ಠಾಣೆಯೊಳಗೆ ಕಾಲಿಟ್ಟಾಗ ಫೌಜದಾರ ಎದ್ದು ಬಂದು ಕೈ ಕುಲುಕಿದ.

“ಬರ್ರಿ ಮಾಸ್ತರ. ಕೊಲ್ಹಾಪುರದಾಗ ನಿಮ್ಮ ಆಟ ಮೂರ ಸಲ ನೋಡೇನಿ. ಎಡಗಾಲಿಲೆ ಹೊಡದ ಆ ಗೋಲ! ಮಂದಿ ಹೆಗಲ ಮ್ಯಾಲ ಹೊತ್ಕೊಂಡ ಕುಣದಿದ್ರು.”

ಆ ಗೋಲು ಹೊಡೆದು ಎಂಟು ವರ್ಷವಾಗಿತ್ತು. ಮರುವರ್ಷ ಅದೇ ಮೈದಾನದಲ್ಲಿ ಯಾರೋ ಅಡ್ಡ ಬಿದ್ದು ಅವನ ಮೊಣಕಾಲು ಮುರಿಯಿತು. ದವಾಖಾನೆಗೆ ಮೊದಲ ವಾರ ತಂಡದವರೆಲ್ಲ ಬಂದರು, ಎರಡನೆಯ ವಾರ ಇಬ್ಬರು. ಆಮೇಲೆ ಯಾರೂ ಬರಲಿಲ್ಲ. ನಡಿಗೆ ಸುಧಾರಿಸಿದ ಮೇಲೆ ಚಿಕ್ಕೋಡಿಯಲ್ಲಿ ಟಿ.ಸಿ.ಎಚ್. ಓದಿ, ರಾಯಬಾಗ ತಾಲೂಕಿನ ಒಂದು ಹಳ್ಳಿಯ ಸಾಲಿಗೆ ಮಾಸ್ತರನಾಗಿ ಬಂದಿದ್ದ.

ಠಾಣೆಯ ಮೂಲೆಯಲ್ಲಿ ಭೀಮಸಿ ಮುದುಡಿ ಕೂತಿದ್ದ. ಊರ ಹೊರಗೆ ದನ ಮೇಯುವ ಗಾಯರಾಣದಲ್ಲಿ ಅಲೆಮಾರಿ ಹರಣಶಿಕಾರಿಗಳ ಹದಿನಾಲ್ಕು ಜೋಪಡಿಗಳಿದ್ದವು. ಸುತ್ತಲಿನ ಯಾವ ಹೊಲದಲ್ಲಿ ಏನು ಕಳುವಾದರೂ ಪೊಲೀಸರು ಮೊದಲು ಅಲ್ಲಿಗೇ ಹೋಗುತ್ತಿದ್ದರು. ಈ ಸಲ ಕಳುವಾದದ್ದು ಬಾವಿಯ ಮೋಟಾರು.

“ಇವನ ಕೈ ಇಲ್ರಿ ಅದರಾಗ,” ಅಂದ ರಾಜಾರಾಮ. “ಅವತ್ತ ಹೆಂಡತಿ ಹೆರಿಗಿಗೆ ಅಂತ ಮಿರಜ ದವಾಖಾನ್ಯಾಗ ಇದ್ದ. ಚೀಟಿ ನೋಡ್ರಿ.”

ಫೌಜದಾರ ಚೀಟಿ ತಿರುಗಿಸಿ ನೋಡಿದ. “ಬಿಡೂಣ. ಆದ್ರ ಮಾಸ್ತರ, ನಿಮಗೂ ಈ ಶಿಕಾರಿಗೂ ಏನ ಸಂಬಂಧ?”

“ಏನಿಲ್ರಿ. ಗುರ್ತು ಅಷ್ಟ.”

ಭೀಮಸಿ ತಲೆಯೆತ್ತಿ ನೋಡಿದ. ಅವನು ರಾಜಾರಾಮನ ಸ್ವಂತ ಅಕ್ಕ ಸುಂದರಾಳ ಗಂಡ.

ಫೌಜದಾರ ಬಿಟ್ಟ ಮೇಲೆ ಇಬ್ಬರೂ ನಡೆಯುತ್ತ ಊರು ದಾಟಿದರು. ಕವಲು ದಾರಿ ಬಂದಾಗ ಭೀಮಸಿ, “ಗುರ್ತು ಅಷ್ಟ ಏನೋ?” ಅಂದ. ಉತ್ತರಕ್ಕೆ ಕಾಯದೆ ಜೋಪಡಿಗಳ ಕಡೆ ನಡೆದುಬಿಟ್ಟ.

ರಾಜಾರಾಮ ಎಂಟು ವರ್ಷದವನಿದ್ದಾಗ ತಾಯಿ ನಿಪ್ಪಾಣಿಯ ಹತ್ತಿರ ಬಿಡಾರ ಹೂಡಿದ್ದಳು. ಅಲ್ಲಿನ ಒಬ್ಬ ಮುದಿ ಮಾಸ್ತರರ ಕೈಗೆ ಮಗನನ್ನು ಒಪ್ಪಿಸಿದಳು. ಅವರು ಸಾಲಿಯ ರಜಿಸ್ಟರಿನಲ್ಲಿ ಜಾತಿಯ ಎದುರು ‘ಮರಾಠಾ’ ಎಂದು ಬರೆದರು. “ಹಿಂಗ ಬರದ್ರ ಪೋರ ಉಳೀತಾನವ್ವಾ,” ಅಂದರು. ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಹುಡುಗ ಉಳಿದ, ಓದಿದ, ಆಡಿದ. ಅವನು ಯಾರೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ವರ್ಷದ ಜೂನಿನಲ್ಲಿ ಸುಂದರಾಳ ಹಿರಿಯ ಮಗಳು ಮಲಕವ್ವಳನ್ನು ಆಶ್ರಮ ಶಾಲೆಗೆ ಸೇರಿಸಬೇಕೆಂದು ರಾಜಾರಾಮ ತಾಲೂಕು ಕಚೇರಿಗೆ ಹೋದ. ಜಾತಿ ಪ್ರಮಾಣಪತ್ರ ಬೇಕಿತ್ತು.

“ಇವರ ರಕ್ತಸಂಬಂಧಿ ಒಬ್ಬರದಾದ್ರೂ ಸಾಲಿ ದಾಖಲೆ ತರ್ರಿ,” ಅಂದ ಗುಮಾಸ್ತ. “ಅಪ್ಪಂದು ಇಲ್ಲಂದ್ರ ಸೋದರಮಾವಂದು. ಅದರಾಗ ಹರಣಶಿಕಾರಿ ಅಂತ ಇರಬೇಕು.”

ಹದಿನಾಲ್ಕು ಜೋಪಡಿಗಳ ಬಳಗದಲ್ಲಿ ಸಾಲಿಯ ಮುಖ ಕಂಡವನು ಒಬ್ಬನೇ. ಅವನು ಆ ಗುಮಾಸ್ತನ ಎದುರಿಗೇ ನಿಂತಿದ್ದ.

ಅವನ ಸಾಲಿ ದಾಖಲೆಯಲ್ಲಿದ್ದ ‘ಮರಾಠಾ’ ತಿದ್ದಬೇಕಾದರೆ ಕೋರ್ಟಿಗೆ ಹೋಗಬೇಕೆಂದು ವಕೀಲರು ಹೇಳಿದರು. ಹೆಡ್‌ಮಾಸ್ತರ ಮಹಾವೀರ ಅವರು ಕಾಗವಾಡದ ಕಡೆಯವರು, ಮೆತ್ತಗಿನ ಮನುಷ್ಯ. ರಾಜಾರಾಮ ಎಲ್ಲವನ್ನೂ ಬಿಚ್ಚಿ ಹೇಳಿದಾಗ ಕನ್ನಡಕ ತೆಗೆದು ಒರೆಸಿದರು.

“ಸುಮ್ನ ಇದ್ರ ಯಾರಿಗೂ ಗೊತ್ತಾಗೂದಿಲ್ಲ ಪವಾರ. ಮದವಿ ಬ್ಯಾರೆ ನಿಶ್ಚಯ ಆಗೇತಿ ನಿಮ್ಮದು.”

“ಅದಕ್ಕ ಮೊದಲ ನಿಮಗ ಹೇಳೇನ್ರಿ. ಮುಂದ ಆಕೀಗೆ ಹೇಳ್ತೇನಿ.”

ಆಕೆ ಎಂದರೆ ದ್ರೌಪದಿ, ಭೋಜದವಳು, ಅದೇ ಸಾಲಿಯಲ್ಲಿ ಮೂರನೆಯ ಇಯತ್ತೆಗೆ ಕಲಿಸುತ್ತಿದ್ದಳು. ಸಾಲಿ ಬಿಟ್ಟ ಮೇಲೆ ಖಾಲಿ ವರ್ಗದಲ್ಲಿ ಅವಳು ನಿಂತುಕೊಂಡೇ ಕೇಳಿಸಿಕೊಂಡಳು.

“ಜಾತಿ ಕೇಳಿ ಸಿಟ್ಟ ಬಂದಿಲ್ರಿ ನನಗ,” ಅಂದಳು. “ಎರಡ ವರ್ಷ ದಿನಾ ಮಾತಾಡಿದ್ವಿ. ನಿಮ್ಮ ಅಕ್ಕ ಇಷ್ಟ ಹತ್ತರ ಅದಾಳ ಅಂತ ಒಂದ ದಿನಾನೂ ಹೇಳಲಿಲ್ಲ. ಇನ್ನ ಏನೇನ ಮುಚ್ಚಿಟ್ಟೀರಿ ಅಂತ ಹೆದರಿಕಿ ಆಗತೈತಿ.”

ಅವಳ ಮನೆಯವರಿಗೆ ಅಷ್ಟು ವಿವರಣೆಯೂ ಬೇಕಾಗಲಿಲ್ಲ, ಜಾತಿ ಕೇಳಿಯೇ ಮದುವೆ ಮುರಿದರು. ಮುಂದಿನ ವರ್ಷ ಅವಳು ನಿಪ್ಪಾಣಿಗೆ ಮದುವೆಯಾಗಿ ಹೋದಳು.

ಚಿಕ್ಕೋಡಿಯ ಕೋರ್ಟಿನಲ್ಲಿ ದಾವೆ ಎರಡು ವರ್ಷ ನಡೆಯಿತು. ಸರಕಾರಿ ವಕೀಲರು, “ನಿನ್ನೆವರೆಗೆ ಮರಾಠಾ ಆಗಿದ್ದಾಂವ ಇವತ್ತ ಹರಣಶಿಕಾರಿ ಹೆಂಗಾದ?” ಎಂದು ಕೇಳಿದರು. ಮನೆಮಾತು ಬರುತ್ತದೆಯೇ ಎಂದು ನ್ಯಾಯಾಧೀಶರು ವಿಚಾರಿಸಿದರು. ರಾಜಾರಾಮ ತಡವರಿಸಿದ. ಹುಡುಗನಾಗಿದ್ದಾಗ ಬಿಟ್ಟ ಭಾಷೆ, ಅಕ್ಕನೊಂದಿಗೂ ಕನ್ನಡದಲ್ಲೇ ಮಾತಾಡುತ್ತಿದ್ದ.

ಸಾಕ್ಷಿಗೆ ಬಂದಿದ್ದ ಸುಂದರಾ ತಮ್ಮನ ಕಡೆ ತಿರುಗಿ ಮನೆಮಾತಿನಲ್ಲೇ ಕೇಳಿದಳು: ಅವ್ವ ಎಲ್ಲಿ ಸತ್ತಳು?

ಅವನು ಉತ್ತರ ಕೊಟ್ಟ. ರಾಯಬಾಗದ ದಾರಿಯಲ್ಲಿ, ಜಾಲಿಮರದ ಕೆಳಗೆ. ನಾನು ಬರಲಿಲ್ಲ. ಅವತ್ತು ಮ್ಯಾಚಿತ್ತು. ಎಂಟು ವರ್ಷದ ಹುಡುಗ ಆಡುವ ಹಾಗೆ ಮುರುಕು ಮುರುಕಾಗಿ ಬಂತು ಮಾತು. ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದ. ನ್ಯಾಯಾಧೀಶರು ತಲೆ ತಗ್ಗಿಸಿ ಬರೆದುಕೊಂಡರು.

ಸುದ್ದಿ ಪೇಪರಿನಲ್ಲಿ ಬಂತು. ಸಾಲಿಯಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಚಹದ ಹೊತ್ತಿಗೆ ಒಬ್ಬೊಬ್ಬರಿಗೂ ಏನೋ ಕೆಲಸ ನೆನಪಾಗುತ್ತಿತ್ತು, ಮಹಾವೀರ ಒಬ್ಬರು ಮಾತ್ರ ಎದುರು ಕೂತು ಕುಡಿದು ಹೋಗುತ್ತಿದ್ದರು. ಒಂದು ಭಾನುವಾರ ತಡೆಯಲಾರದೆ ಕೊಲ್ಹಾಪುರಕ್ಕೆ ಮ್ಯಾಚು ನೋಡಲು ಹೋದ. ತಂಡದ ಹಳೆಯ ಗೋಲ್‌ಕೀಪರ್ ಗುರುತು ಹಿಡಿದು ಪಕ್ಕದಲ್ಲಿ ಕೂತ, ಮೊಣಕಾಲಿನ ಬಗ್ಗೆ ಕೇಳಿದ, ಮಳೆಯ ಬಗ್ಗೆ ಮಾತಾಡಿದ, ಬಸ್ಸಿನ ಹೊತ್ತಾಯಿತೆಂದು ಎದ್ದ. ಆಟ ಇನ್ನೂ ಅರ್ಧವೂ ಆಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರಾಜಾರಾಮ ನೋಡಿದರೆ ಅವನು ಆಚೆ ಬದಿಯ ಮೆಟ್ಟಿಲಲ್ಲಿ ಬೇರೆಯವರ ಜೊತೆ ಕೂತಿದ್ದ.

೧೯೯೩ರ ಕೊನೆಗೆ ಹುಕುಮು ಆಯಿತು. ದಾಖಲೆ ತಿದ್ದಿದರು. ಅದರ ಆಧಾರದ ಮೇಲೆ ಮಲಕವ್ವಳಿಗೆ, ಆಮೇಲೆ ಒಂದೊಂದಾಗಿ ಹದಿನಾಲ್ಕು ಜೋಪಡಿಗಳ ಮಕ್ಕಳಿಗೂ ಪ್ರಮಾಣಪತ್ರ ಸಿಕ್ಕಿತು. ಜೋಪಡಿಯವರನ್ನು ಬಿಡಿಸಲು ರಾಜಾರಾಮ ಠಾಣೆಗೆ ಹೋಗುವುದು ನಿಲ್ಲಲಿಲ್ಲ. ಆದರೆ ಈಗ ಫೌಜದಾರರು ಕೇಳಿದಾಗ ಅವನು ಸಂಬಂಧ ಹೇಳುತ್ತಿದ್ದ. ಕೈ ಕುಲುಕುವವರು ಮಾತ್ರ ಇರಲಿಲ್ಲ.

ಮಲಕವ್ವ ಏಳನೆಯ ಇಯತ್ತೆ ಪಾಸಾದಾಗ ಜೋಪಡಿಗಳವರು ಊಟಕ್ಕೆ ಕರೆದರು. ಎಲ್ಲರೂ ನೆಲದ ಮೇಲೆ ಒಂದೇ ಪರಾತದ ಸುತ್ತ ಕೂತರು. ರಾಜಾರಾಮನೂ ಪಂಚೆ ಎತ್ತಿ ಕುಕ್ಕರುಗಾಲಲ್ಲಿ ಕೂರಲು ಹೋದ.

“ಅಲ್ಲಿ ಬ್ಯಾಡ್ರಿ ಮಾಸ್ತರ, ಮಣ್ಣೈತಿ,” ಎಂದು ಭೀಮಸಿ ಕೈ ಹಿಡಿದು ಹೊರಸಿನ ಮೇಲೆ ಕೂರಿಸಿದ. ಹೊಸ ಕೌದಿ ಹಾಸಿದ್ದರು. ಅವನಿಗೊಬ್ಬನಿಗೇ ಬೇರೆ ತಾಟು. ಒಂದು ಕಾಲಕ್ಕೆ ‘ಲೇ’ ಅನ್ನುತ್ತಿದ್ದ ಬಾಯಲ್ಲಿ ಈಗ ‘ರಿ’ ಬಂದಿತ್ತು. ಕೆಳಗೆ ಅವರು ತಮ್ಮ ಮಾತಿನಲ್ಲಿ ಏನೋ ಚೇಷ್ಟೆ ಮಾಡಿ ನಕ್ಕರು. ಅವನಿಗೆ ಅರ್ಥವಾಗಿತ್ತು, ಅವನೂ ನಕ್ಕ. ಯಾರೂ ಗಮನಿಸಲಿಲ್ಲ.

ಸಂಜೆ ಸುಂದರಾ ರಸ್ತೆಯವರೆಗೆ ಬಂದಳು.

“ಇವತ್ತ ಇಲ್ಲೇ ಇರ್ತೇನಿ ಅಕ್ಕಾ.”

“ಬ್ಯಾಡಪಾ ರಾಜಾ. ಈ ಜೋಪಡ್ಯಾಗ ನಿನಗ ನಿದ್ದಿ ಬರೂದಿಲ್ಲ.”

ಬರುತ್ತದೆ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತು. ಹತ್ತಿ ಕೂತು ತಿರುಗಿ ನೋಡಿದಾಗ ಅವಳು ಆಗಲೇ ಬೆನ್ನು ಹಾಕಿ ನಡೆದಿದ್ದಳು, ಮಕ್ಕಳು ಅವಳ ಸೆರಗು ಹಿಡಿದಿದ್ದರು. ರಾಜಾರಾಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಅದರಲ್ಲಿ ಕಾಗವಾಡದ ಆಚೆಯ ಇನ್ನೊಂದು ಬಿಡಾರದವರ, ಜಾತಿ ಪ್ರಮಾಣಪತ್ರದ ಆರು ಅರ್ಜಿಗಳಿದ್ದವು. ಮರುದಿನ ಸಾಲಿಗೆ ಹೋಗುವ ಮುಂಚೆ ಬರೆದು ಮುಗಿಸಬೇಕಿತ್ತು.