ಸೊನ್ನೆ ಬರುವ ತನಕ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನಿಗೆ ಹೆಂಡತಿಯ ಮುಖ ಕಂಡು ಎರಡು ವರ್ಷವಾಗಿತ್ತು. ಫೋನಿನಲ್ಲಿ ದಿನವೂ ಕಾಣುತ್ತಿತ್ತಲ್ಲ ಎನ್ನಬೇಡಿ; ಅದನ್ನು ಕಾಣುವುದು ಎನ್ನುವವರು ಯಾರನ್ನೂ ಬಿಟ್ಟು ಇದ್ದು ಗೊತ್ತಿಲ್ಲದವರು. ಆಕೆ ಕಡಲಾಚೆಯ ದೊಡ್ಡ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ಎರಡು ವರ್ಷಕ್ಕೊಮ್ಮೆ ಹದಿನಾಲ್ಕು ದಿನ ರಜೆ. ಈಗ ಆ ರಜೆ ಹತ್ತಿರ ಬಂದು, ಅವನಿಗೆ ಊಟವೂ ಸೇರದೆ, ಕೆಲಸದಲ್ಲೂ ಮನಸ್ಸು ನಿಲ್ಲದೆ, ಯಾರದೋ ಎಡಗಣ್ಣಿನ ಗಾಜನ್ನು ಇನ್ಯಾರದೋ ಬಲಗಣ್ಣಿಗೆ ಕೂರಿಸಿ ಬೈಸಿಕೊಂಡಿದ್ದ.

ಆಸೆಯಷ್ಟೇ ಅಂಜಿಕೆಯೂ ಇತ್ತು. ಕಳೆದ ರಜೆ ಮುಗಿಸಿ ಹೋದ ಮೇಲೆ ಆಕೆಗೆ ಮುಟ್ಟು ನಿಂತಿತ್ತು. ನಂಬಿಕೊಂಡಿದ್ದ ಕಾಂಡೋಮ್ ಕೈಕೊಟ್ಟಿತ್ತು. ಬಸುರಿ ಎಂದರೆ ಕೆಲಸ ಹೋಗುತ್ತದೆಂದು ಯಾರಿಗೂ ಬಾಯಿಬಿಡದೆ ಒದ್ದೆ ಚಾದರಗಳ ಗಾಡಿ ತಳ್ಳುತ್ತಲೇ ಇದ್ದಳು. ಒಂದು ಬೆಳಗ್ಗೆ ಬಸಿರು ತಾನಾಗಿಯೇ ಇಳಿದುಹೋಯಿತು. ಮೂರನೇ ದಿನಕ್ಕೆ ಮತ್ತೆ ಅದೇ ಗಾಡಿ. "ಇನ್ಮೇಲೆ ನೀವು ಮುಟ್ಟಿದ್ರೂ ನಂಗೆ ಭಯಾನೇ ಕಣ್ರೀ" ಎಂದು ಫೋನಿನಲ್ಲಿ ಅತ್ತಿದ್ದಳು. ಮಗಳೊಬ್ಬಳೇ ಸಾಕೆಂದು ಇಬ್ಬರೂ ಎಂದೋ ತೀರ್ಮಾನಿಸಿದ್ದರು. ಹಾಗಾಗಿ, ಆಕೆ ಬರುವಷ್ಟರಲ್ಲಿ ಆ ಭಯವನ್ನೇ ಬುಡಸಮೇತ ಕಿತ್ತುಹಾಕಬೇಕೆಂದು ಅವನು ಗುಟ್ಟಾಗಿ ಹೊರಟ.

ಸಲಹೆ ಕೇಳಲು ಸಿಕ್ಕವನು ಭಾವ, ಹೆಂಡತಿಯ ಅಣ್ಣ, ಬಸ್ಸು ಓಡಿಸುವವನು. ಎಂಟು ವರ್ಷದ ಹಿಂದೆಯೇ, ಇನ್ನು ಮಕ್ಕಳು ಬೇಡವೆಂದು, ಗಂಡಸರ ಆಪರೇಷನ್ ಮಾಡಿಸಿಕೊಂಡಿದ್ದ. ತಂಗಿಯ ಗಂಡನ ಜೊತೆ ಆಡುವ ಮಾತಲ್ಲವೆಂದು ಮೊದಲು ಕಿಟಕಿಯ ಕಡೆ ನೋಡಿ ಕೆಮ್ಮಿದ. ಆಮೇಲೆ ಶುರುಮಾಡಿದವನು ಮಾತು ನಿಲ್ಲಿಸಲೇ ಇಲ್ಲ.

"ನಂದು ಹಳೇ ಪದ್ಧತಿ. ಕತ್ತೀಲಿ ಎರಡು ಕಡೆ ಕೊಯ್ದು, ಎರಡು ಕಡೆ ಹೊಲಿಗೆ. ಹತ್ತು ದಿನ ಬಾತುಕೋಳಿ ಥರ ನಡೆದೆ. ಈಗ ಕತ್ತೀನೇ ಬೇಡ್ವಂತೆ. ಚೂಪಾದ ಇಕ್ಕಳದಲ್ಲಿ ಒಂದೇ ಒಂದು ತೂತು, ಹೊಲಿಗೇನೂ ಇಲ್ಲ. ರಕ್ತ ಕಮ್ಮಿ, ಬಾವು ಕಮ್ಮಿ."

"ಆಮೇಲೆ?"

"ಆಮೇಲೇನು? ಹೆಂಗೆ ಮಾಡಿದ್ರೂ ಒಳಗೆ ಕತ್ತರಿಸೋದು ಅದೇ ನಾಳ. ಅವತ್ತಿಂದಾನೇ ಅಂಗಡಿ ಬಂದ್."

ವಿಚಾರಿಸಲು ಹೋದಾಗ ಆಸ್ಪತ್ರೆಯವರು ಒಂದು ಕಾಗದ ಕೊಟ್ಟಿದ್ದರು. ದಿನವಿಡೀ ಕೂದಲೆಳೆಯಷ್ಟು ಅಂತರ ಅಳೆಯುವ ಈ ಮನುಷ್ಯ ಅದರಲ್ಲಿ ಓದಿದ್ದು ಅರ್ಧ ಮಾತ್ರ: ಎರಡು ದಿನ ವಿಶ್ರಾಂತಿ, ಬಿಗಿಯಾದ ಒಳಉಡುಪು, ಬಟ್ಟೆಯಲ್ಲಿ ಸುತ್ತಿದ ಐಸು, ಒಂದು ವಾರ ಭಾರ ಎತ್ತಬಾರದು, ಹೆಂಡತಿಯಿಂದಲೂ ದೂರ. ಒಂದು ವಾರವೆಂದರೆ ಆಕೆ ಬರುವ ಹೊತ್ತಿಗೆ ಸರಿಹೋಯಿತು. ಕತ್ತಿಯಿಲ್ಲದ್ದೇ ಇರಲಿ ಎಂದು, ಆಕೆ ಬರುವುದಕ್ಕೆ ಸರಿಯಾಗಿ ಏಳು ದಿನ ಮೊದಲು ಹೋಗಿ ಮಲಗಿದ.

ಸೂಜಿ ಚುಚ್ಚಿದಾಗ ಉರಿಯಿತು, ಒಳಗೆ ಏನನ್ನೋ ಜಗ್ಗಿದ ಹಾಗಾಯಿತು. ಕಾಲು ಗಂಟೆಯೊಳಗೆ ಎಲ್ಲ ಮುಗಿಯಿತು. ಪ್ಯಾಂಟು ಏರಿಸಿಕೊಳ್ಳುತ್ತಾ, "ಇನ್ನು ಮಕ್ಕಳಾಗೋ ಭಯ ಇಲ್ಲ ಅಲ್ವಾ ಡಾಕ್ಟ್ರೇ?" ಎಂದ.

"ಈಗ್ಲೇ ಎಲ್ಲಪ್ಪಾ? ಹಳೇ ಸರಕು ಇನ್ನೂ ಒಳಗಿದೆ. ಮೂರು ತಿಂಗಳು ಕಳೀಬೇಕು, ಇಪ್ಪತ್ತು ಸಲವಾದ್ರೂ ಹೊರಗೆ ಹೋಗ್ಬೇಕು. ಆಮೇಲೆ ಪರೀಕ್ಷೆ. ಸೊನ್ನೆ ಅಂತ ಬರೋ ತನಕ ಹುಷಾರಾಗಿರಿ. ಕಾಗದದಲ್ಲಿ ಕೆಳಗೆ ಬರ್ದಿದೆಯಲ್ಲ!"

ಬರೆದಿತ್ತು. ಮನೆಗೆ ಬಂದು ಐಸು ಇಟ್ಟುಕೊಂಡು ಮಲಗಿ ಅದನ್ನು ಹತ್ತು ಸಲ ಓದಿದ. ನೋವು ಎರಡನೇ ದಿನಕ್ಕೇ ಇಳಿಯಿತು. ಸಂಕಟ ಇಳಿಯಲಿಲ್ಲ.

ಆಕೆ ಬಂದಳು. ಮೊದಲ ದಿನ ಮಗಳದ್ದಾಯಿತು. ಮರುದಿನ ಮಧ್ಯಾಹ್ನ ಮಗಳು ಶಾಲೆಗೆ ಹೋಗಿದ್ದಾಗ ಮಂಚದ ಅಂಚಿನಲ್ಲಿ ಕೂತು, "ನಾನು ಆಪರೇಷನ್ ಮಾಡಿಸ್ಕೊಂಡೆ" ಎಂದ. ಆಕೆ ಬೆಪ್ಪಾಗಿ ನೋಡಿದಳು. ನೋವಾಯಿತೇ ಎಂದು ಕೇಳಿದಳು. ಆಮೇಲೆ ಸೋಪಿನ ನೀರಿನಲ್ಲಿ ಒರಟಾದ ಅಂಗೈಯನ್ನು ಅವನ ಕೆನ್ನೆಗಿಟ್ಟು, "ಹಾಗಾದ್ರೆ ಇನ್ನು ಭಯ ಇಲ್ವಾ?" ಎಂದಳು.

ಮುಖ ಅರಳಿತ್ತು. ಮದುವೆಯಾದ ಹೊಸತರಲ್ಲಿ ಕಂಡಿದ್ದ ಮುಖ. ಇಲ್ಲ ಎಂಬ ಒಂದೇ ಮಾತು ಸಾಕಿತ್ತು. ಅವನ ಮೈಯ ಕಣಕಣವೂ ಆ ಮಾತನ್ನೇ ಹೇಳು ಎಂದು ಗೋಗರೆಯುತ್ತಿತ್ತು. ಎರಡು ವರ್ಷ ಕಾದವನು, ಕಲ್ಲಲ್ಲ. ಆದರೆ ಆ ಗಾಡಿ ತಳ್ಳಿದವಳು ಆಕೆ, ಅವನಲ್ಲ.

"ಇದೆ," ಎಂದ. "ಇನ್ನೂ ಮೂರು ತಿಂಗಳು ಇದೆ. ನಾನೊಬ್ಬ ದಡ್ಡ, ಕಾಗದ ಪೂರ್ತಿ ಓದ್ಲಿಲ್ಲ."

ಕೈ ಕೆನ್ನೆಯಿಂದ ನಿಧಾನಕ್ಕೆ ಜಾರಿತು.

"ಇಲ್ಲ ಅಂದಿದ್ರೆ ನಂಬಿಬಿಡ್ತಿದ್ದೆ," ಎಂದಳು.

"ಗೊತ್ತು."

ಆಕೆ ಅತ್ತಳು, ಮೂಗೊರೆಸಿಕೊಂಡು ನಕ್ಕಳು. "ಊರಿಗೆಲ್ಲ ಕನ್ನಡಕ ಮಾಡ್ತೀರಿ, ನಿಮಗೆ ಸಣ್ಣಕ್ಷರ ಕಾಣ್ಲಿಲ್ವಾ?"

ಉಳಿದ ದಿನಗಳು ಒಂದೇ ದಿಂಬಿನ ಮೇಲೆ ತಲೆಯಿಟ್ಟು, ಕೈ ಕೈ ಹಿಡಿದು ಕಳೆದವು. ಇದ್ದಕ್ಕಿದ್ದಂತೆ ಎದ್ದು ನೀರು ಕುಡಿಯಲು ಹೋಗುವವನು ಅವನೊಬ್ಬನೇ ಆಗಿರಲಿಲ್ಲ. ಹೊರಡುವ ದಿನ ಬಾಗಿಲಲ್ಲಿ ಆಕೆ ಅವನ ಅಂಗಿಯ ಗುಂಡಿಯನ್ನು ಹಿಡಿದುಕೊಂಡು ಬಿಡದೆ ನಿಂತಳು, ಮಗಳೇ ಬಿಡಿಸಬೇಕಾಯಿತು.

ಹೆಂಡತಿ ಊರಲ್ಲಿಲ್ಲದ ಗಂಡಸು ಡಾಕ್ಟರು ಹೇಳಿದ ಇಪ್ಪತ್ತನ್ನು ಹೇಗೆ ಪೂರೈಸಿದ ಎಂಬುದನ್ನು ನಾವು ಕೆದಕುವುದು ಬೇಡ. ಮೂರು ತಿಂಗಳಾದ ಮೇಲೆ ಪ್ರಯೋಗಾಲಯಕ್ಕೆ ಸೀಸೆ ಕೊಟ್ಟು ಬಂದ. ಮರುದಿನ ವರದಿ ಕೈಗೆ ಬಂದಾಗ ಅಲ್ಲೇ ಮೆಟ್ಟಿಲ ಮೇಲೆ ಕೂತು ಆಕೆಗೆ ಫೋನು ಮಾಡಿದ. ಆಕೆಗೆ ಊಟದ ಬಿಡುವು, ಹಿಂದೆ ಯಂತ್ರಗಳು ಗುರುಗುಟ್ಟುತ್ತಿದ್ದವು.

"ಸೊನ್ನೆ," ಎಂದ.

"ಓದಿ. ಪೂರ್ತಿ ಓದಿ."

ವಯಸ್ಸು, ಸೀಸೆಯ ಸಂಖ್ಯೆ, ಮಾದರಿಯ ಪ್ರಮಾಣ, ಬಣ್ಣ, ಎಲ್ಲವನ್ನೂ ಓದಿದ. ವೀರ್ಯಾಣುಗಳು ಕಂಡುಬಂದಿಲ್ಲ ಎಂಬುದನ್ನು ಎರಡು ಸಲ ಓದಿದ. ಮುಂದಿನ ರಜೆಗೆ ಇನ್ನೂ ಇಪ್ಪತ್ತೊಂದು ತಿಂಗಳು ಬಾಕಿಯಿತ್ತು.

"ಈಗ ಭಯ ಇಲ್ಲ ಕಣ್ರೀ," ಎಂದಳು ಆಕೆ. "ಬರೀ ಆಸೆ ಇದೆ. ಇದನ್ನ ಇಟ್ಕೊಂಡು ನಾನು ಏನ್ ಮಾಡ್ಲಿ, ಹೇಳಿ?"